ಹೆದ್ದಾರಿ ಸೇತುವೆಯ ಮಳೆನೀರಿಗೆ ಶೋಧಕ: ಎರಡು ಮಳೆಗಾಲ ಕಂಡ ಮೇಲೆ ಬರೆದ ವಿಮರ್ಶೆ

ಹಿರಿಯೂರಿನಿಂದ ಐಮಂಗಲದ ಕಡೆಗೆ ಹೋಗುವಾಗ ರಾಷ್ಟ್ರೀಯ ಹೆದ್ದಾರಿ 48 ಹಳ್ಳವೊಂದನ್ನು ದಾಟುವಲ್ಲಿ, ಸೇತುವೆಯ ಬುಡಕ್ಕೆ ಅಂಟಿಕೊಂಡಂತೆ ನಮ್ಮ ಎರಡೂವರೆ ಎಕರೆ ತೆಂಗಿನ ತೋಟವಿದೆ. ತೋಟದ ಮೂಲೆಯಲ್ಲಿ ತಂದೆಯವರ ಕಾಲದ ತೆರೆದ ಬಾವಿ, ಅದರಿಂದ ಸುಮಾರು 100 ಅಡಿ ದೂರದಲ್ಲಿ ಕೊಳವೆಬಾವಿ. ಸೇತುವೆಯ ಮೇಲೆ ಬಿದ್ದ ಮಳೆನೀರಿನಲ್ಲಿ ಒಂದು ಪಾಲು ಏರಿಯ ಇಳಿಜಾರಿನ ಕಾಂಕ್ರೀಟ್ ಕಾಲುವೆಯಲ್ಲಿ ಇಳಿದು ನೇರವಾಗಿ ಈ ಮೂಲೆಗೇ ಬರುತ್ತದೆ. ಆ ನೀರನ್ನು ಶೋಧಿಸಿ ನೆಲಕ್ಕೆ ಇಂಗಿಸುವ ವ್ಯವಸ್ಥೆಯೊಂದನ್ನು 2024ರ ಮಾರ್ಚಿನಲ್ಲಿ ದಾವಣಗೆರೆಯ ಖಾಸಗಿ ಸಂಸ್ಥೆಯೊಂದರಿಂದ ಮಾಡಿಸಿದೆವು. ಒಟ್ಟು ವೆಚ್ಚ 1,64,000 ರೂಪಾಯಿ, ಅದರ ಮೇಲೆ ವರ್ಷಕ್ಕೆ 9,000 ರೂಪಾಯಿಯ ನಿರ್ವಹಣಾ ಒಪ್ಪಂದ. ಮೆಚ್ಚುಗೆಯ ಜೊತೆಗೆ ದೂರುಗಳೂ ಇರುವುದರಿಂದ ಸಂಸ್ಥೆಯ ಹೆಸರನ್ನು ಬರೆಯುತ್ತಿಲ್ಲ. ಯಾರಿಂದ ಮಾಡಿಸಿದರೂ ಗಮನಿಸಬೇಕಾದ ಸಂಗತಿಗಳು ಇವೇ ಆಗಿರುತ್ತವೆ.

ಈ ಕೆಲಸಕ್ಕೆ ಕೈಹಾಕಲು ಕಾರಣ 2023ರ ಬರ. ರಾಜ್ಯದ 223 ತಾಲ್ಲೂಕುಗಳನ್ನು ಸರ್ಕಾರ ಬರಪೀಡಿತವೆಂದು ಘೋಷಿಸಿದ ಆ ವರ್ಷ ನಮ್ಮ ಕೊಳವೆಬಾವಿ ಅರ್ಧ ಗಂಟೆ ಓಡಿದರೆ ಗಾಳಿ ಉಗುಳುತ್ತಿತ್ತು. ತೋಟ ನೋಡಿಕೊಳ್ಳುವ ನನ್ನ ತಮ್ಮ ಒಂದು ದಿನ, “ಅಣ್ಣಾ, ಸೇತುವೆಯಿಂದ ಇಷ್ಟೊಂದು ನೀರು ಸುಮ್ಮನೆ ಹಳ್ಳಕ್ಕೆ ಹೋಗ್ತದೆ. ಒಂದು ಪೈಪ್ ಹಾಕಿ ಬೋರಿಗೇ ಬಿಟ್ಟರೆ ಆಗಲ್ವಾ?” ಎಂದು ಕೇಳಿದ. ಪ್ರಶ್ನೆ ಸಹಜವಾದದ್ದೇ. ನಮ್ಮ ಚಿತ್ರದುರ್ಗ ಜಿಲ್ಲೆಯ ಅಂತರ್ಜಲದಲ್ಲಿ ಹಲವು ಕಡೆ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಒಪ್ಪಬಹುದು. ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ ಇರುವುದರಿಂದ ಅದನ್ನು ಇಂಗಿಸಿದರೆ ಕೆಳಗಿನ ನೀರಿನ ಫ್ಲೋರೈಡ್ ತಗ್ಗುತ್ತದೆ ಎಂಬ ನಂಬಿಕೆಗೆ ಆಧಾರವಿದೆ. ಆದರೆ ಆ ಮಾತು ಮನೆಯ ಮಾಳಿಗೆಯ ಮೇಲೆ ಬಿದ್ದ ಮಳೆಗೆ ಸಲ್ಲುತ್ತದೆ, ಹೆದ್ದಾರಿಯ ಮೇಲೆ ಬಿದ್ದ ಮಳೆಗೆ ಸಲ್ಲುವುದಿಲ್ಲ.

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ಅಂದು ಸಂಜೆ ಕಾಲುವೆಯ ಬುಡದಲ್ಲಿ ಒಣಗಿ ನಿಂತಿದ್ದ ಕಪ್ಪು ಹೂಳನ್ನು ಒಂದು ಹಿಡಿ ಕಾಗದದ ಮೇಲೆ ಹರಡಿ, ಅದರೊಳಗೆ ಅಯಸ್ಕಾಂತವನ್ನು ಆಡಿಸಿ ತಮ್ಮನಿಗೆ ತೋರಿಸಿದೆ. ಅಯಸ್ಕಾಂತದ ಎರಡೂ ತುದಿಗೆ ಕಪ್ಪು ಮುಳ್ಳುಗಳಂತೆ ಕಬ್ಬಿಣದ ಪುಡಿ ನಿಂತುಕೊಂಡಿತು. ಉಳಿದ ಹೂಳನ್ನು ಬೆರಳಿನಲ್ಲಿ ಉಜ್ಜಿದರೆ ಮರಳಿನ ಒರಟಿನ ನಡುವೆ ಮೆತ್ತನೆಯ ಕರಿ ಎಳೆಗಳು ಸಿಕ್ಕವು, ಹಿಚುಕಿದರೆ ಸುರುಳಿಯಾಗುತ್ತಿದ್ದವು. ಅದು ಟೈರಿನ ರಬ್ಬರು. ಬೋರಿಗೆ ಪೈಪ್ ಹಾಕುವ ಮಾತು ಅಲ್ಲಿಗೇ ನಿಂತಿತು.

ಆ ಹೂಳಿನಲ್ಲಿ ಕಣ್ಣಿಗೆ ಕಾಣದ್ದೂ ಬಹಳಷ್ಟಿದೆ. ಟೈರಿನ ರಬ್ಬರಿಗೆ ಸತುವಿನ ಆಕ್ಸೈಡ್ ಬೆರೆಸಿರುತ್ತಾರೆ, ನೆಲಕ್ಕೆ ತಾಗುವ ಭಾಗದ ತೂಕದಲ್ಲಿ ಅದು ಸುಮಾರು ಶೇ. 1ರಷ್ಟಿರುತ್ತದೆ. ಟೈರು ಸವೆದಷ್ಟೂ ಆ ಸತು ರಸ್ತೆಯ ಮೇಲೆ ಉಳಿಯುತ್ತದೆ. ಬ್ರೇಕ್ ಪ್ಯಾಡಿನಿಂದ ಕಬ್ಬಿಣ ಮತ್ತು ತಾಮ್ರ ಬರುತ್ತವೆ. ಅಮೆರಿಕದ ಕ್ಯಾಲಿಫೋರ್ನಿಯಾ ಮತ್ತು ವಾಷಿಂಗ್ಟನ್ ರಾಜ್ಯಗಳು ಬ್ರೇಕ್ ಪ್ಯಾಡಿನ ತಾಮ್ರವನ್ನು ಹಂತಹಂತವಾಗಿ ತಗ್ಗಿಸುವ ಕಾಯ್ದೆಗಳನ್ನು 2010ರಲ್ಲಿ ಮಾಡಿದ್ದು ರಸ್ತೆಯ ಮಳೆನೀರು ಹೊಳೆ ಸೇರಿ ಮೀನುಗಳಿಗೆ ತೊಂದರೆ ಮಾಡುತ್ತಿದೆ ಎಂಬ ಕಾರಣಕ್ಕಾಗಿಯೇ. ಇವುಗಳ ಜೊತೆಗೆ ಎಂಜಿನ್ ಎಣ್ಣೆ, ಡೀಸೆಲ್ಲಿನ ಮಸಿ, ಡಾಂಬರಿನ ಕಣಗಳು ಸೇರುತ್ತವೆ. ಸೀಸಬೆರೆತ ಪೆಟ್ರೋಲನ್ನು ನಮ್ಮ ದೇಶದಲ್ಲಿ 2000ನೇ ಇಸವಿಯಲ್ಲಿ ನಿಲ್ಲಿಸಿದ್ದರಿಂದ ಆ ಒಂದು ಭಯ ಮಾತ್ರ ಬಹಳಷ್ಟು ಕಡಿಮೆಯಾಗಿದೆ. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ನಮ್ಮ ಕೊಳವೆಬಾವಿಯ ನೀರು ಗಡಸು, ಮಳೆನೀರು ಮೆದು. ಗಡಸು ನೀರಿಗಿಂತ ಮೆದು ನೀರಿನಲ್ಲಿ ಸತು, ತಾಮ್ರಗಳ ವಿಷ ಜಲಚರಗಳಿಗೆ ಹೆಚ್ಚು ತಟ್ಟುತ್ತದೆ. ಹಾಗಾಗಿ ನೋಡಲು ತಿಳಿಯಾದ ಮಳೆನೀರು ಕೂಡ ಹಳ್ಳದ ಮೀನು, ಕಪ್ಪೆಮರಿಗಳಿಗೆ ಕೇಡು ಮಾಡಬಹುದು.

ಸಾಮಾನ್ಯ ರಸ್ತೆಗೂ ಸೇತುವೆಗೂ ಇರುವ ವ್ಯತ್ಯಾಸವನ್ನು ಇಲ್ಲಿ ಹೇಳಬೇಕು, ಏಕೆಂದರೆ ಸಂಸ್ಥೆಯನ್ನು ಆರಿಸುವಾಗ ನಾವು ಕೇಳಿದ ಮೊದಲ ಪ್ರಶ್ನೆ ಅದೇ ಆಗಿತ್ತು. ರಸ್ತೆಯ ಅಂಚಿನಲ್ಲಿ ಮಣ್ಣಿದೆ, ಹುಲ್ಲಿದೆ. ಹರಿದ ನೀರು ಹತ್ತು ಹೆಜ್ಜೆ ಹುಲ್ಲಿನ ಮೇಲೆ ಸಾಗಿದರೂ ಅದರ ಕೊಳೆಯಲ್ಲಿ ದೊಡ್ಡ ಪಾಲು ಅಲ್ಲೇ ನಿಲ್ಲುತ್ತದೆ. ಸೇತುವೆಯ ಮೇಲೆ ಅಂಥ ಅಂಚೇ ಇಲ್ಲ. ಬಿದ್ದ ಮಳೆಯ ಒಂದು ಹನಿಯೂ ಇಂಗುವುದಿಲ್ಲ, ತಡೆಗೋಡೆಯ ಪಕ್ಕದ ಕೊಳವೆಗಳಿಂದ ನೇರವಾಗಿ ಕೆಳಗಿನ ಹೊಳೆಗೆ ಬೀಳುತ್ತದೆ. ಸೇತುವೆಯ ಮೇಲೆಯೇ ಶೋಧಕ ಇಡೋಣವೆಂದರೆ ಅದರ ಭಾರವನ್ನು ಹೊರುವಂತೆ ಸೇತುವೆಯನ್ನು ಕಟ್ಟಿರುವುದಿಲ್ಲ, ಜಾಗವೂ ಇರುವುದಿಲ್ಲ. ಆದ್ದರಿಂದ ನೀರನ್ನು ಸೇತುವೆಯ ತುದಿಯವರೆಗೆ ಒಯ್ದು ಅಲ್ಲಿನ ನೆಲದಲ್ಲಿ ಶುದ್ಧಗೊಳಿಸುವುದೇ ಹೆಚ್ಚು ಕಡೆ ಸಾಧ್ಯವಾಗುವ ದಾರಿ. ಅಮೆರಿಕದ ಸಿಯಾಟಲ್ ನಗರದಲ್ಲಿ ಅರೋರಾ ಸೇತುವೆಯ ಮಳೆನೀರನ್ನು ಹೀಗೆಯೇ ಕೆಳಗಿಳಿಸಿ, ಗಿಡಗಳನ್ನು ನೆಟ್ಟ ತಗ್ಗುಪಾತಿಗಳ ಮೂಲಕ ಹಾಯಿಸಿ, ಆಮೇಲೆ ಜಲಮಾರ್ಗಕ್ಕೆ ಬಿಡುತ್ತಾರೆ. ಅದೇ ಪ್ರದೇಶದ ವಿಜ್ಞಾನಿಗಳು ಹೆದ್ದಾರಿಯ ಮಳೆನೀರಿನಲ್ಲಿ ಕೋಹೊ ಸಾಲ್ಮನ್ ಮೀನುಗಳು ಕೆಲವೇ ಗಂಟೆಗಳಲ್ಲಿ ಸಾಯುವುದನ್ನೂ, ಶೇ. 60 ಮರಳು ಮತ್ತು ಶೇ. 40 ಕಾಂಪೋಸ್ಟ್ ಬೆರೆಸಿದ ಪಾತಿಯಲ್ಲಿ ಅದೇ ನೀರನ್ನು ಸೋಸಿದರೆ ಮೀನುಗಳು ಬದುಕುವುದನ್ನೂ ತೋರಿಸಿಕೊಟ್ಟರು. ಕೊಲ್ಲುತ್ತಿದ್ದ ವಸ್ತು ಯಾವುದೆಂದು 2020ರಲ್ಲಿ ಗೊತ್ತಾಯಿತು. ರಬ್ಬರು ಬಿರುಕು ಬಿಡದಿರಲೆಂದು ಟೈರಿಗೆ ಸೇರಿಸುವ 6ಪಿಪಿಡಿ ಎಂಬ ರಾಸಾಯನಿಕವು ಗಾಳಿಯ ಓಜೋನಿನೊಡನೆ ಕೂಡಿ ಮಾರ್ಪಟ್ಟ ಪದಾರ್ಥ ಅದು. ಮರಳು, ಗೊಬ್ಬರ, ಬೇರು ಎಂಬ ಮೂರು ಸಾಮಾನ್ಯ ವಸ್ತುಗಳು ಅಂಥ ವಿಷವನ್ನೂ ಹಿಡಿದಿಡುತ್ತವೆ ಎಂಬುದು ನನಗೆ ಬಹಳ ಧೈರ್ಯ ಕೊಟ್ಟ ವಿಷಯ.

ಸಂಸ್ಥೆಯವರ ಮೊದಲ ಭೇಟಿಯ ಬಗ್ಗೆ ನನಗೆ ಮೆಚ್ಚುಗೆಯೇ ಇದೆ. ಬಂದ ಎಂಜಿನಿಯರ್ ಕುಳಿತ ಜಾಗದಲ್ಲೇ ದರ ಹೇಳಲಿಲ್ಲ. ಏರಿಯ ಬುಡದಿಂದ ನೀರಿನ ಜಾಡನ್ನು ಹಿಡಿದು ನಡೆದರು. ನಮ್ಮ ಮೂಲೆಗೆ ಹರಿಯುವ ಸೇತುವೆ ಮತ್ತು ಕೂಡುರಸ್ತೆಯ ಭಾಗ ಸುಮಾರು 300 ಚದರ ಮೀಟರ್ ಎಂದು ಲೆಕ್ಕ ಹಾಕಿದರು. ಆಮೇಲೆ ನೆಲದಲ್ಲಿ ಒಂದಡಿ ಗುಂಡಿ ತೋಡಿಸಿ, ನೀರು ತುಂಬಿ, ಅದು ಇಂಗಲು ಎಷ್ಟು ಹೊತ್ತು ಬೇಕೆಂದು ಗಡಿಯಾರ ಹಿಡಿದು ನೋಡಿದರು. ನಮ್ಮದು ಮೇಲೆ ಕೆಂಪು ಮಣ್ಣು, ಕೆಳಗೆ ಸುಣ್ಣಕಲ್ಲಿನ ಹರಳು. ಎರೆಮಣ್ಣಿನ ಹೊಲವಾಗಿದ್ದರೆ ಇದೇ ವಿನ್ಯಾಸ ನಡೆಯುತ್ತಿರಲಿಲ್ಲ, ಸೋಸಿದ ನೀರನ್ನು ಹಳ್ಳಕ್ಕೇ ಬಿಡಬೇಕಾಗುತ್ತಿತ್ತು ಎಂದು ಅವರು ಸ್ಪಷ್ಟವಾಗಿ ಹೇಳಿದರು. ಸೇತುವೆ, ಏರಿ, ಕಾಂಕ್ರೀಟ್ ಕಾಲುವೆ ಎಲ್ಲವೂ ಹೆದ್ದಾರಿಗೆ ಸೇರಿದ್ದು, ಅವುಗಳಲ್ಲಿ ಒಂದು ಇಟ್ಟಿಗೆಯನ್ನೂ ನಾವು ಕದಲಿಸುವಂತಿಲ್ಲ. ಗಡಿಕಲ್ಲಿನಿಂದ ಈಚೆಗೆ, ನಮ್ಮ ಜಮೀನಿನೊಳಗೆ ನೀರು ಬಂದ ಮೇಲಷ್ಟೇ ನಮ್ಮ ಕೆಲಸ ಶುರುವಾಗಬೇಕು ಎಂಬುದನ್ನೂ ಅವರೇ ತಿಳಿಸಿದರು. ಇಷ್ಟು ಪ್ರಾಮಾಣಿಕವಾಗಿ ಮಿತಿಗಳನ್ನು ಹೇಳುವವರು ಸಿಗುವುದು ಸುಲಭವಲ್ಲ.

ವ್ಯವಸ್ಥೆ ಎರಡು ಭಾಗಗಳಲ್ಲಿದೆ. ಮೊದಲನೆಯದು ಹೂಳುಗುಂಡಿ: 10 ಅಡಿ ಉದ್ದ, 5 ಅಡಿ ಅಗಲ, 4 ಅಡಿ ಆಳದ ಗಾರೆಯ ತೊಟ್ಟಿ, 5,600 ಲೀಟರ್ ಹಿಡಿಯುತ್ತದೆ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಹಾಗಾಗಿ 300 ಚದರ ಮೀಟರಿಗೆ 15 ಮಿಲಿಮೀಟರ್ ಮಳೆಯಾದರೆ 4,500 ಲೀಟರ್ ಬರುತ್ತದೆ, ತೊಟ್ಟಿ ಖಾಲಿಯಿದ್ದರೆ ಅಷ್ಟೂ ನೀರು ಅದರಲ್ಲಿ ಹಿಡಿಸುತ್ತದೆ. ತೊಟ್ಟಿಯಿಂದ ಹೊರಹೋಗುವ ಪೈಪಿನ ಬಾಯಿಯನ್ನು ಕೆಳಮುಖವಾಗಿ ಬಗ್ಗಿಸಿ ನೀರಿನೊಳಗೆ ಮುಳುಗುವಂತೆ ಇಟ್ಟಿದ್ದಾರೆ. ಎಣ್ಣೆ ಮೇಲೆ ತೇಲುತ್ತದೆ, ಹೂಳು ತಳ ಸೇರುತ್ತದೆ, ನಡುವಿನ ನೀರು ಮಾತ್ರ ಮುಂದೆ ಹೋಗುತ್ತದೆ. ಎರಡನೆಯದು 26 ಅಡಿ ಉದ್ದ, 10 ಅಡಿ ಅಗಲದ ಸೋಸುಪಾತಿ. ತಳದಲ್ಲಿ ದಪ್ಪ ಜಲ್ಲಿ ಮತ್ತು ತೂತು ಕೊರೆದ ಪೈಪು, ಅದರ ಮೇಲೆ ಎರಡು ಅಡಿ ಮರಳು, ಗೊಬ್ಬರ, ತೆಂಗಿನ ನಾರಿನ ಪುಡಿ, ಚಿಪ್ಪಿನ ಇದ್ದಿಲುಗಳ ಮಿಶ್ರಣ, ಮೇಲೆ ಲಾವಂಚ. ತಳದ ಪೈಪಿನಿಂದ ಇಳಿದ ನೀರು ತಪಾಸಣೆ ತೊಟ್ಟಿಯೊಂದರ ಮೂಲಕ ಇಂಗುಗುಂಡಿಗೆ ಹೋಗಿ ನೆಲಕ್ಕೆ ಇಂಗುತ್ತದೆ. ಪಾತಿಯ ಮೇಲೆ ಎಂಟು ಅಂಗುಲ ನೀರು ನಿಲ್ಲಲು ಅವಕಾಶವಿದೆ. ಪಾತಿಯ ವಿಸ್ತಾರ ನೀರು ಬರುವ ಜಾಗದ ಶೇ. 8ರಷ್ಟಾಗುತ್ತದೆ, ಇದು ಸಮಂಜಸವಾದ ಅಳತೆ. ಒಂದು ಗಂಟೆಯಲ್ಲಿ 50 ಮಿಲಿಮೀಟರ್ ಸುರಿದರೆ ಬರುವ 15,000 ಲೀಟರನ್ನು ಇದು ತಾಳುವುದಿಲ್ಲ, ತಾಳಬೇಕಾಗಿಯೂ ಇಲ್ಲ. ಹೆಚ್ಚಾದದ್ದು ಪಕ್ಕದ ಕೋಡಿಯಿಂದ ಹಳ್ಳಕ್ಕೆ ಹೋಗುತ್ತದೆ.

ತಾಳಬೇಕಾಗಿಲ್ಲವೆಂದು ಹೇಳಿದ್ದಕ್ಕೆ ಕಾರಣವಿದೆ. ಒಂದು ಮಳೆಯಲ್ಲಿ ರಸ್ತೆಯ ಕೊಳೆ ಸಮನಾಗಿ ಹರಿದು ಬರುವುದಿಲ್ಲ, ಬಹುಪಾಲು ಮೊದಲ ನೀರಿನಲ್ಲೇ ಬರುತ್ತದೆ. ಮಲೆನಾಡಿನಲ್ಲಿ ಮಳೆಗಾಲವಿಡೀ ಸೇತುವೆ ತೊಳೆಯುತ್ತಲೇ ಇರುತ್ತದೆ. ನಮ್ಮಲ್ಲಿ ಹಾಗಲ್ಲ. ಸ್ವಾತಿ ಮಳೆ ಮುಗಿದ ಮೇಲೆ ಅಶ್ವಿನಿ, ಭರಣಿಯವರೆಗೆ ಐದಾರು ತಿಂಗಳು ಒಣಗಾಲ. ಅಷ್ಟು ತಿಂಗಳ ಟೈರಿನ ಪುಡಿ, ಎಣ್ಣೆ, ಧೂಳು ಸೇತುವೆಯ ಅಂಚಿನಲ್ಲಿ ಕೂತು ಕಾಯುತ್ತಿರುತ್ತದೆ. ಭರಣಿ ಮಳೆಯನ್ನು ಹೊಲಕ್ಕೆ ಬಂಗಾರ ಎಂದು ಕಾಯುವ ನಾವು, ಅದೇ ಮಳೆ ಹೆದ್ದಾರಿಯ ಸೇತುವೆಯಿಂದ ಇಳಿಯುವಾಗ ವರ್ಷದಲ್ಲೇ ಅತ್ಯಂತ ಕೆಟ್ಟ ನೀರಾಗಿರುತ್ತದೆ ಎಂಬುದನ್ನು ತಿಳಿದಿರಬೇಕು.

2024ರ ಭರಣಿಯ ಮೊದಲ ಗುಡುಗುಮಳೆಯ ದಿನ ನಾನೂ ತಮ್ಮನೂ ಗೊರಬೆ ಹೊದ್ದು ಮೂರು ಗಾಜಿನ ಬಾಟಲಿಗಳನ್ನು ಹಿಡಿದು ಮೂಲೆಯಲ್ಲಿ ನಿಂತಿದ್ದೆವು. ಕಾಲುವೆಯಿಂದ ಬಂದ ಮೊದಲ ನೀರು ಡಿಕಾಕ್ಷನ್ನಿನಷ್ಟು ಕಪ್ಪಾಗಿತ್ತು, ಮೇಲೆ ಕಾಮನಬಿಲ್ಲಿನ ಬಣ್ಣದ ಎಣ್ಣೆಯ ಪೊರೆ. ಹೂಳುಗುಂಡಿಯಿಂದ ಹೊರಬಂದದ್ದು ಬೂದುಬಣ್ಣ, ಎಣ್ಣೆಯ ಪೊರೆ ಇಲ್ಲ. ಪಾತಿಯ ತಳದ ಪೈಪಿನಿಂದ ತಪಾಸಣೆ ತೊಟ್ಟಿಗೆ ಇಳಿದ ನೀರಿನಲ್ಲಿ ಬಾಟಲಿಯ ಆಚೆ ಹಿಡಿದ ಪಂಚಾಂಗದ ಅಕ್ಷರಗಳನ್ನು ಓದಬಹುದಿತ್ತು. ಮೂರನ್ನೂ ರಾತ್ರಿಯಿಡೀ ಕಿಟಕಿಯ ಮೇಲೆ ಬಿಟ್ಟೆವು. ಬೆಳಿಗ್ಗೆ ನೋಡಿದರೆ ಮೊದಲ ಬಾಟಲಿಯ ತಳದಲ್ಲಿ ಎರಡು ಬೆರಳು ದಪ್ಪದ ಹೂಳು, ಎರಡನೆಯದರಲ್ಲಿ ತೆಳುವಾದ ಒಂದು ಪದರ, ಮೂರನೆಯದರಲ್ಲಿ ಬೆರಳಿನಿಂದ ಸವರಿದರೂ ಏನೂ ಇಲ್ಲ. ಸೋಸಿದ ನೀರನ್ನು ಕಣ್ಣಾರೆ ನೋಡಲು, ಕೈಹಾಕಿ ತುಂಬಿಕೊಳ್ಳಲು ಆಗುವಂತೆ ಈ ತಪಾಸಣೆ ತೊಟ್ಟಿಯನ್ನು ಇಟ್ಟದ್ದು ಸಂಸ್ಥೆಯ ಅತ್ಯುತ್ತಮ ನಿರ್ಧಾರ. ನೀರು ಎಲ್ಲಿಂದ ಹೊರಬರುತ್ತದೆ ಎಂಬುದನ್ನೇ ಮುಚ್ಚಿಬಿಡುವ ಶೋಧಕವನ್ನು ಯಾರೂ ಒಪ್ಪಿಕೊಳ್ಳಬಾರದು.

ಆದರೆ ಆ ಮೂರನೆಯ ಬಾಟಲಿಯ ನೀರು ತಿಳಿಯಾಗಿದ್ದರೂ ಹಾಲು ಹಾಕದ ಚಹಾದಂತೆ ಕಂದು ಬಣ್ಣಕ್ಕಿತ್ತು. ಇದು ಸೇತುವೆಯ ಕೊಳೆಯಲ್ಲ, ಪಾತಿಗೆ ಹಾಕಿದ ಹಸಿ ಗೊಬ್ಬರದ ರಸ. ಸರಿಯಾಗಿ ಕಳಿಯದ ಗೊಬ್ಬರವನ್ನು ಹೆಚ್ಚಾಗಿ ಬೆರೆಸಿದರೆ ಲೋಹಗಳನ್ನು ಪಾತಿ ಹಿಡಿಯುತ್ತದೆ, ಆದರೆ ನೈಟ್ರೇಟ್ ಮತ್ತು ರಂಜಕವನ್ನು ತಾನೇ ಬಿಡಲು ತೊಡಗುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು, ಕೂಸುಗಳಿಗೆ ಅದು ಅಪಾಯಕಾರಿ. ಇಂಗುಗುಂಡಿ ಬಾವಿಗೆ ಇಷ್ಟು ಹತ್ತಿರ ಇರುವಾಗ ಈ ವಿಷಯದಲ್ಲಿ ಎಚ್ಚರ ಅತ್ಯಗತ್ಯ. ನಾವು ದೂರು ಹೇಳಿದ ಮೇಲೆ ಸಂಸ್ಥೆಯವರು ಮಿಶ್ರಣದ ಮೇಲಿನ ಅರ್ಧ ಭಾಗವನ್ನು ತೆಗೆದು, ಚೆನ್ನಾಗಿ ಕಳಿತ ಗೊಬ್ಬರವನ್ನು ಕಡಿಮೆ ಪ್ರಮಾಣದಲ್ಲಿ ಬೆರೆಸಿ, ಇದ್ದಿಲಿನ ಪಾಲು ಹೆಚ್ಚಿಸಿ ಮತ್ತೆ ತುಂಬಿದರು. ಹಣ ಕೇಳಲಿಲ್ಲ. ಆದರೂ ಮೊದಲೇ ಆಗಬೇಕಾಗಿದ್ದ ಕೆಲಸಕ್ಕೆ ನಾಲ್ಕು ಮಳೆ ಕಾಯಬೇಕಾಯಿತು, ಅಷ್ಟೂ ದಿನ ಪಾತಿಯ ನೀರನ್ನು ಇಂಗುಗುಂಡಿಗೆ ಬಿಡದೆ ಹಳ್ಳಕ್ಕೆ ತಿರುಗಿಸಿಕೊಂಡಿದ್ದೆವು.

ನನಗೆ ನಿಜವಾಗಿ ಬೇಸರವಾದದ್ದು ನೀರಿನ ಪರೀಕ್ಷೆಯ ವಿಷಯದಲ್ಲಿ. ಒಪ್ಪಂದದಲ್ಲಿ “ಮಳೆಗಾಲಕ್ಕೆ ಒಮ್ಮೆ ನೀರಿನ ಗುಣಮಟ್ಟದ ಪರೀಕ್ಷೆ” ಎಂದು ಬರೆದಿತ್ತು. ಬಂದ ಹುಡುಗ ಜೇಬಿನಿಂದ ಟಿಡಿಎಸ್ ಪೆನ್ನು ತೆಗೆದು ನೀರಿಗೆ ಅದ್ದಿ, “ಸಾರ್, ಬೋರಿನ ನೀರಿಗಿಂತ ಎಷ್ಟೋ ಚೆನ್ನಾಗಿದೆ” ಎಂದು ಬರೆದುಕೊಂಡು ಹೊರಟ. ನಮ್ಮ ಕಡೆ ಮನೆಮನೆಗೂ ಆರ್‌ಓ ಯಂತ್ರ ಬಂದ ಮೇಲೆ ಟಿಡಿಎಸ್ ಎಂದರೆ ನೀರಿನ ಶುದ್ಧತೆಯೆಂದೇ ಜನ ತಿಳಿದಿದ್ದಾರೆ. ಆ ಪೆನ್ನು ಅಳೆಯುವುದು ನೀರಿನಲ್ಲಿ ಕರಗಿದ ಲವಣ ವಿದ್ಯುತ್ತನ್ನು ಎಷ್ಟು ಹರಿಯಬಿಡುತ್ತದೆ ಎಂಬುದನ್ನಷ್ಟೇ. ತೇಲುವ ಹೂಳು ಅದಕ್ಕೆ ಕಾಣುವುದಿಲ್ಲ, ಎಣ್ಣೆ ಕಾಣುವುದಿಲ್ಲ, ಮೈಕ್ರೋಗ್ರಾಂ ಲೆಕ್ಕದ ತಾಮ್ರ, ಸತುವಂತೂ ಕಾಣುವುದೇ ಇಲ್ಲ. ನಾನು ಆ ಹುಡುಗನನ್ನು ನಿಲ್ಲಿಸಿ, ಕಾಲುವೆಯಿಂದ ಬರುತ್ತಿದ್ದ ಕಪ್ಪು ನೀರಿಗೇ ಅದೇ ಪೆನ್ನನ್ನು ಅದ್ದಲು ಹೇಳಿದೆ. ಅದೂ ಬೋರಿನ ನೀರಿಗಿಂತ “ಚೆನ್ನಾಗಿ”ಯೇ ಬಂತು. ಮಳೆನೀರಿನಲ್ಲಿ ಲವಣ ಕಡಿಮೆಯಿರುವುದರಿಂದ ಅದು ಹಾಗೆಯೇ ಬರಬೇಕು. ಈ ಸೇವೆಗೆ ಹಣ ಕೊಡುವವರು ಒಪ್ಪಂದದಲ್ಲಿ ತೇಲುವ ಘನಕಣ, ಎಣ್ಣೆ ಮತ್ತು ಜಿಡ್ಡು, ಸತು, ತಾಮ್ರ, ಸೀಸ, ನೈಟ್ರೇಟ್ ಎಂಬ ಹೆಸರುಗಳನ್ನೇ ಬರೆಸಿಕೊಳ್ಳಬೇಕು. ಒಳಬರುವ ನೀರು ಮತ್ತು ಹೊರಹೋಗುವ ನೀರು ಎರಡನ್ನೂ ಒಂದೇ ಮಳೆಯಲ್ಲಿ ಹಿಡಿದು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳುಹಿಸಬೇಕೆಂದು ಷರತ್ತು ಹಾಕಬೇಕು. ಸೀಸಕ್ಕೆ ಮಾನಕದ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಅದನ್ನು ಜೇಬಿನ ಪೆನ್ನಿನಿಂದ ಯಾರೂ ಅಳೆಯಲಾರರು.

2025ರ ಜನವರಿಯಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದು ಊರೆಲ್ಲ ಬಾಗಿನದ ಸಂಭ್ರಮದಲ್ಲಿತ್ತು. 1933ರಲ್ಲಿ ಕೋಡಿ ಬಿದ್ದ ಜಲಾಶಯ ಮತ್ತೆ ತುಂಬಿ ಹರಿಯಲು 2022ರವರೆಗೆ ಕಾಯಬೇಕಾಗಿದ್ದ ನಮಗೆ ಅದು ಸಣ್ಣ ಸಂತೋಷವಲ್ಲ. ಆ ವರ್ಷದ ಮುಂಗಾರು ಶುರುವಾದಾಗ ನಮ್ಮ ಪಾತಿ ಕಟ್ಟಿಕೊಂಡಿತು. ಹಿಂದಿನ ವರ್ಷ ಪಾತಿಯ ಮೇಲೆ ನಿಂತ ಆರು ಅಂಗುಲ ನೀರು 50 ನಿಮಿಷದಲ್ಲಿ ಇಳಿಯುತ್ತಿತ್ತು, ಈಗ ಆರು ಗಂಟೆಯಾದರೂ ಕೆಸರಿನ ಹೊಳಪು ಉಳಿದಿರುತ್ತಿತ್ತು. ಲಾವಂಚದ ಬುಡದ ಸುತ್ತ ಕಪ್ಪು ಪೊರೆಯೊಂದು ಹಪ್ಪಳದಂತೆ ಬಿರಿದು ಕೂತಿತ್ತು. ಮೇಲಿನ ಎರಡು ಅಂಗುಲವನ್ನು ಸಲಿಕೆಯಿಂದ ಕೆರೆದು ತೆಗೆದಾಗ ಇಳಿಯುವ ವೇಗ ಸ್ವಲ್ಪ ಸುಧಾರಿಸಿತು, ಪೂರ್ತಿ ಸರಿಹೋಗಲಿಲ್ಲ. ಅಗೆದು ನೋಡಿದರೆ ಮರಳಿಗೂ ಜಲ್ಲಿಗೂ ನಡುವೆ ಹಾಸಿದ್ದ, ಮಣ್ಣನ್ನು ತಡೆದು ನೀರನ್ನಷ್ಟೇ ಬಿಡುವ ಜಿಯೋಟೆಕ್ಸ್‌ಟೈಲ್ ಬಟ್ಟೆಯೇ ನುಣ್ಣನೆಯ ಕಣಗಳಿಂದ ಮುಚ್ಚಿಹೋಗಿತ್ತು. ಬಟ್ಟೆಯ ಬದಲು ದಪ್ಪ ಜಲ್ಲಿಯ ಮೇಲೆ ಸಣ್ಣ ಚಿಪ್ಸ್, ಅದರ ಮೇಲೆ ಒರಟು ಮರಳು ಹೀಗೆ ಮೆಟ್ಟಿಲುಮೆಟ್ಟಿಲಾಗಿ ಹಾಕಿದ್ದರೆ ಕಣಗಳು ಒಂದೇ ಕಡೆ ಗೋಡೆ ಕಟ್ಟುತ್ತಿರಲಿಲ್ಲ. ಈ ತಪ್ಪನ್ನು ಸಂಸ್ಥೆಯ ಎಂಜಿನಿಯರ್ ಒಪ್ಪಿಕೊಂಡರು. ಬಟ್ಟೆ ತೆಗೆದು ಚಿಪ್ಸ್ ಹಾಕಿದ ಮೇಲೆ ಆರು ಅಂಗುಲ ಇಳಿಯಲು ಒಂದೂವರೆ ಗಂಟೆ ಸಾಕಾಗುತ್ತಿದೆ. ಸಾಮಗ್ರಿಯ ಖರ್ಚು ಮಾತ್ರ ನಮ್ಮದೇ ಆಯಿತು, ಅದು ನ್ಯಾಯವೆಂದು ನನಗೆ ಅನಿಸಿಲ್ಲ.

ಬಟ್ಟೆಯ ತಪ್ಪಿಗಿಂತ ದೊಡ್ಡ ಕಾರಣ ಇನ್ನೊಂದಿತ್ತು: ಹೂಳುಗುಂಡಿಯನ್ನು ಹೊತ್ತಿಗೆ ಸರಿಯಾಗಿ ಬರಿದು ಮಾಡಿರಲಿಲ್ಲ. ಒಪ್ಪಂದದ ಪ್ರಕಾರ ವರ್ಷಕ್ಕೆ ಎರಡು ಭೇಟಿ, ಆದರೆ ಯಾವ ತಿಂಗಳೆಂದು ಬರೆದಿರಲಿಲ್ಲ. ಅವರು ಅಕ್ಟೋಬರಿನಲ್ಲಿ ಒಮ್ಮೆ, ಜೂನಿನಲ್ಲಿ ಒಮ್ಮೆ ಬಂದರು. ಅಂದರೆ ವರ್ಷದ ಅತ್ಯಂತ ಕೊಳಕು ನೀರು ಏಪ್ರಿಲ್ ಕೊನೆಯಲ್ಲಿ ಬಂದು ಅರ್ಧ ತುಂಬಿದ ಗುಂಡಿಗೆ ಬಿದ್ದು, ಹಳೆಯ ಹೂಳನ್ನೂ ಕದಡಿಕೊಂಡು ಪಾತಿಗೆ ಹರಿಯಿತು. ಇಂಥ ವ್ಯವಸ್ಥೆಯಲ್ಲಿ ಎಲ್ಲರ ಕಣ್ಣು ಹಸಿರಾಗಿ ತೂಗುವ ಲಾವಂಚದ ಮೇಲೆ ಇರುತ್ತದೆ. ಪಾತಿಯ ಆಯುಷ್ಯ ಇರುವುದು ಅದರ ಹಿಂದಿನ ಕತ್ತಲೆಯ ಗುಂಡಿಯಲ್ಲಿ. ಅದನ್ನು ಯಾರು, ಯಾವಾಗ, ಎಷ್ಟು ಹೂಳು ತುಂಬಿದಾಗ ತೆಗೆಯುತ್ತಾರೆ ಎಂಬುದನ್ನು ಕಾಗದದ ಮೇಲೆ ಬರೆಸಿಕೊಳ್ಳದವರು ಪಾತಿಗೆ ಹಾಕಿದ ಹಣವನ್ನು ಎರಡೇ ವರ್ಷದಲ್ಲಿ ಕಳೆದುಕೊಳ್ಳುತ್ತಾರೆ.

ಅಕ್ಟೋಬರಿನ ಆ ಭೇಟಿಯ ಒಂದು ಪ್ರಸಂಗವನ್ನು ಬರೆಯಲೇಬೇಕು. ಗುಂಡಿಗೆ ಇಳಿದ ಹಿರಿಯ ಕೆಲಸಗಾರರೊಬ್ಬರು ಬಾಂಡಲಿಯಲ್ಲಿ ಹೂಳು ತುಂಬಿ ಮೇಲಕ್ಕೆ ಕೊಡುತ್ತ, “ಯಜಮಾನ್ರೇ, ಕೆರೆ ಗೋಡು ಇದ್ದಂಗೈತೆ, ತೆಂಗಿನ ಬುಡಕ್ಕೆ ಹಾಕಿಸಿಬಿಡ್ಲಾ?” ಎಂದು ಕೇಳಿದರು. ಕೇಳಿದ್ದು ನಮ್ಮ ಒಳ್ಳೆಯದಕ್ಕೇ. ಕೆರೆಯ ಗೋಡನ್ನು ಹೊಲಕ್ಕೆ ಹೊಡೆದು ಬೆಳೆದ ಸೀಮೆ ನಮ್ಮದು, ಕಪ್ಪಗೆ ಜಿಗುಟಾಗಿ ಕಂಡದ್ದೆಲ್ಲ ಫಲವತ್ತಾದ ಮಣ್ಣೆಂದು ಕೈ ತಾನಾಗಿ ನಂಬುತ್ತದೆ. ನಾನು ಅವರ ಮುಂದೆ ಮತ್ತೆ ಅಯಸ್ಕಾಂತ ಆಡಿಸಿ, ಇದು ಟೈರು, ಬ್ರೇಕು, ಎಣ್ಣೆಯ ಗೋಡು, ಗಿಡದ ಬುಡಕ್ಕೆ ಹಾಕಿದರೆ ಲೋಹ ಮಣ್ಣಿನಲ್ಲೇ ಉಳಿದು ವರ್ಷ ವರ್ಷ ಸೇರುತ್ತ ಹೋಗುತ್ತದೆ ಎಂದು ವಿವರಿಸಿದೆ. ಅವರು ಕೈಗವಸಿಲ್ಲದ ತಮ್ಮ ಬೆರಳುಗಳನ್ನು ಒಮ್ಮೆ ನೋಡಿಕೊಂಡರು. ಆಮೇಲೆ ಸಂಸ್ಥೆಯ ಮೇಲ್ವಿಚಾರಕರಿಗೆ ನಾನು ಸ್ವಲ್ಪ ಕಟುವಾಗಿಯೇ ಮಾತನಾಡಿದೆ. ಹೂಳನ್ನು ಎಲ್ಲಿಗೆ ಒಯ್ಯುತ್ತೀರಿ ಎಂಬ ಪ್ರಶ್ನೆಗೆ ಅವರ ಬಳಿ ಉತ್ತರವಿರಲಿಲ್ಲ. ಈಗ ಹೂಳನ್ನು ಪಕ್ಕದ ಕಾಂಕ್ರೀಟ್ ಕಟ್ಟೆಯ ಮೇಲೆ ಒಣಗಿಸಿ, ಚೀಲಕ್ಕೆ ತುಂಬಿ, ಅವರೇ ತೆಗೆದುಕೊಂಡು ಹೋಗಿ ಸುರಕ್ಷಿತ ವಿಲೇವಾರಿಯ ರಸೀದಿ ಕೊಡಬೇಕೆಂದು ಬರೆಸಿಕೊಂಡಿದ್ದೇವೆ. ಕೆಲಸಗಾರರಿಗೆ ಗಮ್‌ಬೂಟು ಮತ್ತು ರಬ್ಬರಿನ ಕೈಗವಸು ಕೊಡದಿದ್ದರೆ ಗುಂಡಿಗೆ ಇಳಿಸಲು ನಾವು ಬಿಡುವುದಿಲ್ಲ.

ಸೊಳ್ಳೆಯ ತೊಂದರೆ ಬರಲಿಲ್ಲ. ಮೊಟ್ಟೆಯಿಂದ ಸೊಳ್ಳೆಯಾಗಲು ಸಾಮಾನ್ಯವಾಗಿ ಒಂದು ವಾರವಾದರೂ ಬೇಕು, ಪಾತಿಯಲ್ಲಿ ನೀರು ಅಷ್ಟು ದಿನ ನಿಲ್ಲುವುದೇ ಇಲ್ಲ. ಹೂಳುಗುಂಡಿಯಲ್ಲಿ ಮಾತ್ರ ನಿಲ್ಲುತ್ತದೆ, ಅದರ ಚಪ್ಪಡಿಯ ಸಂದುಗಳಿಗೆ ನುಣ್ಣನೆಯ ಜಾಲರಿ ಬಿಗಿದುಕೊಟ್ಟಿದ್ದಾರೆ.

ನಾವು ಕೇಳಿ ಸೇರಿಸಿಕೊಂಡ ಒಂದು ಭಾಗದ ಬಗ್ಗೆ ಹೇಳುತ್ತೇನೆ: ಗುಂಡಿಯಿಂದ ಪಾತಿಗೆ ಹೋಗುವ ಪೈಪಿಗೆ ಕೈಯಿಂದ ತಿರುಗಿಸಿ ಮುಚ್ಚುವ ವಾಲ್ವು. ಹೆದ್ದಾರಿಯಲ್ಲಿ ಟ್ಯಾಂಕರ್ ಮಗುಚಿ ಡೀಸೆಲ್ಲೋ ಆಸಿಡ್ಡೋ ಚೆಲ್ಲಿದರೆ ಅದು ಮಳೆಯಿಲ್ಲದ ದಿನವೂ ಇದೇ ಕಾಲುವೆಯಲ್ಲಿ ಇಳಿಯುತ್ತದೆ, ಇದ್ದಿಲಾಗಲಿ ಬೇರಾಗಲಿ ಅದನ್ನು ತಡೆಯಲಾರವು. ವಾಲ್ವು ಮುಚ್ಚಿದರೆ 5,600 ಲೀಟರಿನವರೆಗೆ ಗುಂಡಿಯಲ್ಲೇ ಹಿಡಿದಿಟ್ಟುಕೊಂಡು, ಹೆದ್ದಾರಿಯ ಸಹಾಯವಾಣಿ 1033ಕ್ಕೋ ತುರ್ತು ಸೇವೆಯ 112ಕ್ಕೋ ಕರೆ ಮಾಡಿ, ಸಂಬಂಧಪಟ್ಟವರು ಬರುವವರೆಗೆ ಬಾವಿಯನ್ನು ಉಳಿಸಿಕೊಳ್ಳಬಹುದು. ಇದಕ್ಕೆ ತಗುಲಿದ್ದು 3,200 ರೂಪಾಯಿ. ಇದುವರೆಗೆ ಬಳಸುವ ಸಂದರ್ಭ ಬಂದಿಲ್ಲ. ತಿಂಗಳಿಗೊಮ್ಮೆ ತಮ್ಮ ಅದನ್ನು ತಿರುಗಿಸಿ, ತುಕ್ಕು ಹಿಡಿಯದಂತೆ ಗ್ರೀಸ್ ಹಚ್ಚುತ್ತಾನೆ. ಸಂಸ್ಥೆಯವರು ಇದನ್ನು ಮೂಲ ವಿನ್ಯಾಸದಲ್ಲೇ ಸೇರಿಸಬೇಕಿತ್ತು.

ಈ ಶೋಧಕದಿಂದ ಆಗದ ಕೆಲಸವೂ ಇದೆ. ನೀರಿನಲ್ಲಿ ಪೂರ್ತಿ ಕರಗಿದ ಲವಣಗಳನ್ನು ಇದು ತೆಗೆಯುವುದಿಲ್ಲ. ರೋಗಾಣುಗಳ ವಿಷಯದಲ್ಲೂ ಇದನ್ನು ನಂಬಿ ಕುಡಿಯುವಂತಿಲ್ಲ. ಸೋಸಿದ ನೀರನ್ನು ನಾವು ಕೊಳವೆಬಾವಿಯ ಕೇಸಿಂಗಿಗೆ ಈಗಲೂ ಬಿಟ್ಟಿಲ್ಲ, ಬಿಡುವುದೂ ಇಲ್ಲ. ನಮ್ಮ ನೆಲದಡಿಯ ಗಟ್ಟಿ ಬಂಡೆಯ ಬಿರುಕುಗಳಲ್ಲಿ ನೀರು ಸೋಸುವುದಿಲ್ಲ, ಸುಮ್ಮನೆ ಓಡುತ್ತದೆ. ನಮ್ಮ ಬೋರಿಗೆ ಬಿಟ್ಟದ್ದು ಪಕ್ಕದವರ ಬೋರಿನಲ್ಲಿ ಬರಬಹುದು. ಬಾವಿಯಿಂದ 40 ಅಡಿ ದೂರದ ಇಂಗುಗುಂಡಿಯ ಮಣ್ಣಿನ ಮೂಲಕ ನಿಧಾನವಾಗಿ ಇಳಿಯುವ ನೀರು ಮಾತ್ರ ನಮಗೆ ಸಮ್ಮತ. ಸೇತುವೆಯ ನಡುಭಾಗದ ಕೊಳವೆಗಳಿಂದ ನೇರವಾಗಿ ಹಳ್ಳಕ್ಕೆ ಬೀಳುವ ನೀರು ಇನ್ನೂ ಹಾಗೆಯೇ ಬೀಳುತ್ತಿದೆ, ಆ ಹಳ್ಳ ಮುಂದೆ ವೇದಾವತಿಯನ್ನು ಸೇರುತ್ತದೆ. ಆ ಕೊಳವೆಗಳನ್ನು ಒಂದು ಉದ್ದನೆಯ ಪೈಪಿಗೆ ಕೂಡಿಸಿ ದಡಕ್ಕೆ ತರುವುದು, ಬೇಸಿಗೆಯ ಕೊನೆಯಲ್ಲಿ ಸೇತುವೆಯ ಅಂಚಿನ ಧೂಳನ್ನು ಯಂತ್ರದಿಂದ ಗುಡಿಸಿ ತೆಗೆಯುವುದು ಹೆದ್ದಾರಿಯನ್ನು ನೋಡಿಕೊಳ್ಳುವವರಿಂದ ಮಾತ್ರ ಆಗಬಹುದಾದ ಕೆಲಸ. ಎರಡನೆಯದಕ್ಕಂತೂ ಹೊಸದಾಗಿ ಏನನ್ನೂ ಕಟ್ಟಬೇಕಾಗಿಲ್ಲ. ಗುಡಿಸಿ ತೆಗೆದ ಒಂದು ಬುಟ್ಟಿ ಧೂಳು ಹೊಳೆಗೆ ಇಳಿಯದ ಒಂದು ಬುಟ್ಟಿ ವಿಷ. ಭರಣಿಗೆ ಮುನ್ನ ಒಮ್ಮೆ ಗುಡಿಸಿದರೂ ಸಾಕು ಎಂದು ನಾನು ಮನವಿ ಬರೆದು ಕೊಟ್ಟಿದ್ದೇನೆ.

ಐದು ಅಂಕಗಳಲ್ಲಿ ಈ ಸೇವೆಗೆ ಮೂರೂವರೆ ಕೊಡುತ್ತೇನೆ. ಸ್ಥಳ ಪರಿಶೀಲನೆ, ಅಳತೆ, ಗಾರೆ ಕೆಲಸ, ತಪಾಸಣೆ ತೊಟ್ಟಿಗಳಿಗೆ ಪೂರ್ಣ ಅಂಕ ಸಲ್ಲಬೇಕು. ಅರ್ಧ ಅಂಕ ಹಸಿ ಗೊಬ್ಬರಕ್ಕೂ ಬಟ್ಟೆಗೂ ಹೋಯಿತು, ಒಂದು ಅಂಕ ನಿರ್ವಹಣೆ ಮತ್ತು ಪರೀಕ್ಷೆಯ ಹೆಸರಿನಲ್ಲಿ ನಡೆದದ್ದಕ್ಕೆ ಹೋಯಿತು. ಇದೇ ಸಂಸ್ಥೆಯೊಂದಿಗೆ ಒಪ್ಪಂದವನ್ನು ನವೀಕರಿಸಿದ್ದೇವೆ, ಆದರೆ ಈ ಬಾರಿ ಕರಡನ್ನು ನಾವೇ ಬರೆದೆವು. ಮೊದಲ ಭೇಟಿ ಏಪ್ರಿಲ್ 15ರೊಳಗೆ ಆಗಬೇಕು. ಗುಂಡಿಯಲ್ಲಿ ಒಂದು ಅಡಿ ಹೂಳು ಕಂಡರೆ ಕರೆದ ವಾರದಲ್ಲೇ ಬರಬೇಕು. ಆ ಒಂದು ಅಡಿಯ ಗೆರೆಯನ್ನು ತಮ್ಮ ಗುಂಡಿಯ ಒಳಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಎಳೆದಿದ್ದಾನೆ.